ಬುಟ್ಟಿ ಹೆಣೆಯುವವನು ಕೂತದ್ದು

ನಾನು ಬರೆಯಹೊರಟ ಕತೆಗೆ ಹೆಸರು ಇಟ್ಟಿರಲಿಲ್ಲ, ಕಾಲ ಮಾತ್ರ ಗೊತ್ತಿತ್ತು: 1831. ಭತ್ತದ ದರ ಬಿದ್ದ ಕಾಲ. ಕಾಸರಗೋಡು, ಕುಂಬಳೆ, ಮೊಗ್ರಾಲು, ಮಂಜೇಶ್ವರದ ರೈತರು ತೀರ್ವೆ, ಅಂದರೆ ಭೂಕಂದಾಯ, ಹೊರಲಾರೆವೆಂದು ಕಂಪನಿ ಸರಕಾರಕ್ಕೆ ಅರ್ಜಿ ಕೊಟ್ಟರು, ಕೂಟ ಸೇರಿದರು. ತೀರ್ವೆ ಕಟ್ಟಬೇಕಾದ್ದು ನಗದಿನಲ್ಲಿ. ಹತ್ತು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಮಾರಿ ಕಟ್ಟುತ್ತಿದ್ದವನು ದರ ಇಳಿದರೆ ಹದಿನೈದು ಮುಡಿ ಮಾರಬೇಕು. ಕಡತದಲ್ಲಿ ಒಂದು ಕಾಸೂ ಏರಿಲ್ಲ, ಅಟ್ಟ ಮಾತ್ರ ಬರಿದಾಗುತ್ತದೆ. ಕಂಪನಿಯ ಈ ದುರಾಸೆಯನ್ನು ಕತೆಯಲ್ಲಿ ಹಿಡಿಯಬೇಕೆಂದು ಬದಿಯಡ್ಕದ ಹತ್ತಿರದ ನಮ್ಮ ಮನೆಯ ಚಾವಡಿಯಲ್ಲಿ ಕೂತು ಬರೆಯತೊಡಗಿದೆ.

ಮೊದಲ ಕರಡಿನಲ್ಲಿ ಒಬ್ಬ ಕಲೆಕ್ಟರ್ ಇದ್ದ. ಕೆಂಪು ಮುಖ, ಕೈಯಲ್ಲಿ ಚಾಟಿ, ಬಾಯಲ್ಲಿ ಬೈಗುಳ. ತಿಂಗಳು ಬಿಟ್ಟು ಓದಿದಾಗ ಅವನು ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ, ಅಂದರೆ ರಾಕ್ಷಸ ವೇಷದ, ಹಾಗೆ ಕಂಡ. ರಂಗಸ್ಥಳದಲ್ಲಿ ತೆರೆ ಸರಿಸಿ ಬರುವಾಗ ಆ ವೇಷ ಮೈ ನಡುಗಿಸುತ್ತದೆ, ಅದು ಅಲ್ಲಿಯ ಸೊಗಸು. ಕತೆಯಲ್ಲಿ ಹಾಗಲ್ಲ. ಒಬ್ಬ ರಾಕ್ಷಸನನ್ನು ನಿಲ್ಲಿಸಿಬಿಟ್ಟರೆ ಉಳಿದವರೆಲ್ಲ ಪಾರಾಗಿಬಿಡುತ್ತಾರೆ.

ಆಗ ಇಂಗ್ಲಿಷ್ ಕಾದಂಬರಿಕಾರ ಜೋಸೆಫ್ ಕಾನ್ರಾಡ್ ನೆನಪಾದ. 1890ರಲ್ಲಿ ಕಾಂಗೋಗೆ ಹೋಗಿ ಬಂದವನು, 1899ರಲ್ಲಿ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಪ್ರಕಟಿಸಿದ. ಎಲ್ಲರೂ ಅದರಲ್ಲಿ ಕ್ರೂರಿಯಾದ ದಂತದ ವ್ಯಾಪಾರಿ ಕುರ್ಟ್ಸ್‌ನ ಮಾತಾಡುತ್ತಾರೆ. ನನ್ನ ನಿದ್ದೆ ಕೆಡಿಸಿದವನು ಅಲ್ಲಿಯ ವ್ಯಾಪಾರ ಕಂಪನಿಯ ಲೆಕ್ಕಿಗ. ಗಂಜಿ ಹಾಕಿದ ಕಾಲರು, ಚೊಕ್ಕ ಪುಸ್ತಕಗಳು. ಕೋಣೆಯಲ್ಲಿ ಮಲಗಿದ ರೋಗಿಯ ನರಳಾಟದಿಂದ ತನ್ನ ಗಮನ ತಪ್ಪುತ್ತದೆಂದು ಅವನ ದೂರು. ಅವನ ಬಾಗಿಲಿನಿಂದ ಸ್ವಲ್ಪವೇ ಕೆಳಗೆ, ಮರಗಳ ನೆರಳಿನಲ್ಲಿ ದುಡಿದು ಸವೆದ ಕರಿಯ ಕೂಲಿಗಳು ಸಾಯುತ್ತಿದ್ದಾರೆ. ನಿಜದ ಕಾಂಗೋದಲ್ಲೂ ಹಾಗೆಯೇ ನಡೆದಿತ್ತು. 1885ರಿಂದ 1908ರವರೆಗೆ ಆ ದೇಶ ಬೆಲ್ಜಿಯಂ ರಾಜ ಲಿಯೊಪೋಲ್ಡ್‌ನ ಖಾಸಗಿ ಆಸ್ತಿ. ರಬ್ಬರಿಗಾಗಿ ಊರುಗಳ ಮೇಲೆ ಬಿಟ್ಟ ಸಿಪಾಯಿಗಳು ಹಾರಿಸಿದ ಗುಂಡಿಗೆ ಲೆಕ್ಕ ಒಪ್ಪಿಸಲು ಮನುಷ್ಯರ ಕೈ ಕಡಿದು ತರುತ್ತಿದ್ದರು. ಪೋಲಾಗಬಾರದಾಗಿದ್ದದ್ದು ಗುಂಡು.

ಚಾಟಿಯ ಕಲೆಕ್ಟರನನ್ನು ಹೊಡೆದುಹಾಕಿದೆ. ಅವನ ಜಾಗಕ್ಕೆ ಶಾನುಭೋಗರು ಬಂದರು. ನಮ್ಮವರೇ. ಅಕ್ಷರ ಮುತ್ತಿನಂಥದು, ಮಾತು ಮೆದು, ಲೆಕ್ಕದಲ್ಲಿ ತಪ್ಪೇ ಇಲ್ಲ. ಅವರನ್ನು ಬರೆಯಲು ಎದೆ ಗಟ್ಟಿ ಮಾಡಿಕೊಳ್ಳಬೇಕಾಯಿತು. ಡಚ್ಚರ ಆಳ್ವಿಕೆಯ ಜಾವಾದ ಬಗ್ಗೆ ಡಚ್ ಲೇಖಕ ಮುಲ್ಟಾಟುಲಿ 1860ರಲ್ಲಿ ಬರೆದ ಕಾದಂಬರಿಯಲ್ಲಿ ಬಡ ರೈತನ ಎಮ್ಮೆ ಕಿತ್ತುಕೊಳ್ಳುವವರು ಅದೇ ಸೀಮೆಯ ದೊರೆಯ ಕಡೆಯವರು. ಅದನ್ನು ಓದಿದ್ದರಿಂದಲೇ ನನಗೆ ಧೈರ್ಯ ಬಂದದ್ದು.

ಕತೆ ಮುಗಿಯಿತು ಅಂದುಕೊಂಡೆ. ಆದರೆ ನೈಜೀರಿಯಾದ ಕಾದಂಬರಿಕಾರ ಚಿನುವ ಅಚೆಬೆ ಬಿಡಲಿಲ್ಲ. ಆಫ್ರಿಕನ್ನರನ್ನು ಕಾನ್ರಾಡ್ ಬರೀ ಹಿನ್ನೆಲೆಯ ಪರದೆ ಮಾಡಿದ, ಅವರಿಗೆ ಮಾತನ್ನೇ ಕೊಡಲಿಲ್ಲ ಎಂದು ಅಚೆಬೆ 1975ರ ಉಪನ್ಯಾಸದಲ್ಲಿ ಕಟುವಾಗಿ ಹೇಳಿದರು. ಅವರದೇ ಮೊದಲ ಕಾದಂಬರಿಯ ಕೊನೆಯಲ್ಲಿ, ಕಥಾನಾಯಕ ಒಕೊಂಕ್ವೊನ ಹೆಣ ಮರದಲ್ಲಿ ನೇತಾಡುತ್ತಿರುವಾಗ, ಬಿಳಿಯ ಅಧಿಕಾರಿ ಇವನ ಬಗ್ಗೆ ನನ್ನ ಪುಸ್ತಕದಲ್ಲಿ ಒಂದು ಪ್ಯಾರಾ ಬರೆಯಬಹುದು ಎಂದು ಯೋಚಿಸುತ್ತಾನೆ. ನಾವು ಇನ್ನೂರು ಚಿಲ್ಲರೆ ಪುಟ ಜೊತೆಗೆ ನಡೆದ ಮನುಷ್ಯ, ಒಂದು ಪ್ಯಾರಾ!

ಪೆನ್ನು ಹಿಡಿದು ನನ್ನ ಕತೆಯಲ್ಲಿ ಯಾರು ಯಾರಿಗೆ ಹೆಸರಿದೆ ಎಂದು ಎಣಿಸಿದೆ. ಹೊಡೆದುಹಾಕಿದ ಕಲೆಕ್ಟರನಿಗೂ ಇತ್ತು, ಶಾನುಭೋಗರಿಗೆ, ಗೇಣಿ ಒಕ್ಕಲುಗಳಿಗೂ ಇತ್ತು. ಅಂಗಳದ ಅಂಚಿನಲ್ಲಿ ಕುರುವೆ, ಅಂದರೆ ಬುಟ್ಟಿ, ತಂದು ನಿಂತವನು ಮಾತ್ರ ಬರೀ ‘ಕೊರಗ’, ಬುಟ್ಟಿ ಹೆಣೆಯುವ ಸಮುದಾಯದ ಹೆಸರು. ಕಂಪನಿಯ ದುರಾಸೆಯನ್ನು ಬಯಲು ಮಾಡಲು ಹೊರಟ ನಾನೇ ಅವನನ್ನು ಅಂಗಳದ ಸಾಮಾನಿನಂತೆ ಇಟ್ಟಿದ್ದೆ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನಿನ ಮೂಲಕ ನಿಷೇಧಿಸಿದ್ದು 2000ದಲ್ಲಿ, ಬ್ರಿಟಿಷರು ಹೋಗಿ ಐವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಅದನ್ನು ಯಾವ ಕಂಪನಿಯ ತಲೆಗೆ ಕಟ್ಟಲಿ?

ಅವನಿಗೆ ತುಕ್ರ ಎಂದು ಹೆಸರಿಟ್ಟೆ. ಹುಟ್ಟಿದ ವಾರದ ಹೆಸರನ್ನೇ ಇಡುತ್ತಿದ್ದ ಕಾಲ, ಶುಕ್ರವಾರದವನು ತುಕ್ರ. ಹೆಸರಿಟ್ಟರೂ ಜೀವ ಬರಲಿಲ್ಲ. ಕೊನೆಗೆ ನಮ್ಮ ಆಚೆಯ ಗುಡ್ಡದ ಬದಿಯಲ್ಲಿ ಈಗಲೂ ಬುಟ್ಟಿ ಹೆಣೆಯುವ ಹಿರಿಯರೊಬ್ಬರ ಬಳಿ ಹೋಗಿ, ತುಕ್ರ ಬರುವ ಭಾಗವನ್ನು ತುಳುವಿನಲ್ಲಿ ಓದಿ ಹೇಳಿದೆ. ಬುಟ್ಟಿಗೆ ಬೇಕಾದ ಕಾಡುಬಳ್ಳಿಯ ಬೀಳು ಸೀಳುತ್ತಲೇ ಕೇಳಿದರು. ಮುಗಿದ ಮೇಲೆ ಅವರು ಕೇಳಿದ್ದು ಒಂದೇ: “ಅವ ಸುರುವಿನಿಂದ ಕೊನೆಯವರೆಗೆ ಕೈಕಟ್ಟಿ ನಿಂತೇ ಇದ್ದಾನಲ್ಲ, ಕೂತುಕೊಳ್ಳುವುದು ಯಾವಾಗ? ನಿಂತು ಬುಟ್ಟಿ ಹೆಣೆಯಲಿಕ್ಕೆ ಆಗುತ್ತದಾ?”

ಮನೆಗೆ ಬಂದು ತುಕ್ರನನ್ನು ಅವನ ಗುಡಿಸಲ ಮುಂದೆ ಕೂರಿಸಿದೆ. ಕತೆ ಅಲ್ಲಿಂದ ಶುರುವಾಯಿತು. ಈ ಸಲ ಶಾನುಭೋಗರೇ ಕುರುವೆ ಕೇಳಿಕೊಂಡು ಅವನ ಬಳಿಗೆ ನಡೆದು ಬರಬೇಕಾಯಿತು. ಕೂತವನ ಕಣ್ಣಿನ ಎತ್ತರಕ್ಕೆ ಅವರ ಬಲಗೈ ಸರಿಯಾಗಿ ಬರುತ್ತಿತ್ತು, ತೋರುಬೆರಳಿನಲ್ಲಿ ಒಣಗಿದ ಶಾಯಿ. ತುಕ್ರ ಬೀಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆ ಬೆರಳನ್ನೇ ನೋಡುತ್ತಾನೆ.