ಚಿಲಿಕಾದಲ್ಲಿ ಮೂರು ಬೆಳಗು

ಹೌರಾ ಕಡೆ ಹೋಗುವ ರೈಲು ಬ್ರಹ್ಮಪುರ ದಾಟಿದ ಸ್ವಲ್ಪ ಹೊತ್ತಿಗೆ ಬಲಗಡೆಯ ಕಿಟಕಿಯಲ್ಲಿ ನೀರು ಕಾಣತೊಡಗುತ್ತದೆ. ಅದೇ ಒಡಿಶಾದ ಚಿಲಿಕಾ ಸರೋವರ. ಎಷ್ಟೋ ಸಲ ಹಾಗೇ ನೋಡುತ್ತ ಮುಂದೆ ಹೋಗಿದ್ದೆ. ಇಳಿಯಬೇಕೆಂದು ಹೊರಟದ್ದು ಒಂದು ಜನವರಿಯಲ್ಲಿ.

ಹೆಸರಿಗೆ ಸರೋವರ, ನಿಜದಲ್ಲಿ ಹೊಳೆನೀರು ಮತ್ತು ಕಡಲುನೀರು ಬೆರೆಯುವ ಹಿನ್ನೀರು. ಮಳೆಗಾಲದಲ್ಲಿ 1,100 ಚದರ ಕಿಲೋಮೀಟರ್‌ಗೂ ಮಿಕ್ಕಿ ಹರಡಿ, ಬೇಸಿಗೆಗೆ 900ರ ಆಸುಪಾಸಿಗೆ ಕುಗ್ಗುತ್ತದೆ. ಇಷ್ಟು ದೊಡ್ಡದನ್ನು ಮೂರು ದಿನದಲ್ಲಿ ನೋಡುತ್ತೇನೆ ಅನ್ನುವುದು ಹುಚ್ಚು. ಹಾಗಾಗಿ ಎರಡು ಬೆಳಗನ್ನು ಉತ್ತರದಂಚಿನ ಮಂಗಳಾಜೋಡಿಯ ಜೌಗಿಗೆ, ಒಂದನ್ನು ಸಾತಪಾಡದ ಡಾಲ್ಫಿನ್‌ಗಳಿಗೆ ಇಟ್ಟುಕೊಂಡೆ. ನಳಬಣವನ್ನು ಕೈಬಿಟ್ಟೆ. ಸರೋವರದ ನಡುವಿನ 15.53 ಚದರ ಕಿಲೋಮೀಟರಿನ ಆ ಪಕ್ಷಿಧಾಮ ಮಳೆಗಾಲದಲ್ಲಿ ಮುಳುಗಿ ಚಳಿಗಾಲಕ್ಕೆ ತಲೆಯೆತ್ತುತ್ತದೆ. ಅಲ್ಲಿ ದೂರದಿಂದ ನೋಡುವುದಷ್ಟೇ ಸರಿ, ನನಗೆ ಹತ್ತಿರ ಬೇಕಿತ್ತು. ಈ 'ಹತ್ತಿರ'ವೇ ಮೊದಲ ದಿನ ನನ್ನನ್ನು ಕೆಡಿಸಿದ್ದು.

ಮಂಗಳಾಜೋಡಿಯಲ್ಲಿ ಹಕ್ಕಿ ನೋಡಲು ಹೋಗುವ ದೋಣಿಗೆ ಮೋಟಾರಿಲ್ಲ. ಹಿಂದೆ ನಿಂತವರು ಉದ್ದನೆಯ ಬಿದಿರ ಗಳ ಊರಿ ತಳ್ಳುತ್ತಾರೆ, ಜೊಂಡಿನ ನಡುವಿನ ಕಾಲುವೆಯಲ್ಲಿ ದೋಣಿ ಸದ್ದಿಲ್ಲದೆ ಜಾರುತ್ತದೆ. ಬೆಳಕು ಹರಿಯುವ ಮೊದಲೇ ಕೂತಿದ್ದೆವು. ನೀಲಿ ಜಂಬುಕೋಳಿಗಳು ಜೊಂಡಿನ ದಂಟು ಮುರಿದು ಒಂದೇ ಕಾಲಲ್ಲಿ ಹಿಡಿದು ತಿನ್ನುತ್ತಿದ್ದವು, ನಾವು ಕಬ್ಬು ತಿಂದ ಹಾಗೆ. ಆಚೆಗೆ ಸೂಜಿಬಾಲದ ಬಾತುಗಳ ದೊಡ್ಡ ಹಿಂಡು. "ಭಾಯ್, ಇನ್ನೂ ಸ್ವಲ್ಪ ಮುಂದೆ" ಅಂದೆ, ನನ್ನ ಹರಕು ಹಿಂದಿಯಲ್ಲಿ. ಅವರು ಗಳ ಎತ್ತಲಿಲ್ಲ. ಮತ್ತೆ ಅಂದೆ, ಮತ್ತೂ ಅಂದೆ. ಕೊನೆಗೆ ಒಲ್ಲದ ಮನಸ್ಸಿನಿಂದ ಒಂದು ತಳ್ಳು ತಳ್ಳಿದರು, ನಾನು ಕ್ಯಾಮೆರಾ ಎತ್ತಿ ಎದ್ದು ನಿಂತೆ. ಇಡೀ ಹಿಂಡು ಎದ್ದು ಹೋಯಿತು. ಕಾರ್ಡಿನಲ್ಲಿ ಉಳಿದದ್ದು ಬಾಲಗಳು. ಅವರೇನೂ ಬೈಯಲಿಲ್ಲ, ಬೀಡಿಯನ್ನೂ ಹಚ್ಚದೆ ಸುಮ್ಮನೆ ನಿಂತರು. ಆ ಮೌನ ಬೈಗುಳಕ್ಕಿಂತ ಖಾರವಾಗಿತ್ತು.

ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ಚಳಿಗಾಲವೆಂದರೆ ಮರಳಿ ಹೋಗಲು ಕೊಬ್ಬು ಕೂಡಿಸುವ ಕಾಲ. ಪ್ರತಿ ಸಲ ಎಬ್ಬಿಸಿದಾಗಲೂ ಆ ಗಂಟಿನಿಂದ ಒಂದಿಷ್ಟು ಖರ್ಚು. ಇದನ್ನು ಓದಿ ತಿಳಿದಿದ್ದೆ, ಎದ್ದು ನಿಲ್ಲುವಾಗ ಮಾತ್ರ ನೆನಪಾಗಲಿಲ್ಲ.

ಎರಡನೆಯ ದಿನ ಸಾತಪಾಡ. ಇರಾವಡಿ ಡಾಲ್ಫಿನ್‌ಗೆ ಚಿತ್ರಗಳಲ್ಲಿ ಕಾಣುವಂಥ ಕೊಕ್ಕಿಲ್ಲ. ಗುಂಡು ತಲೆ, ಬೆನ್ನ ಮೇಲೆ ಗಿಡ್ಡ ರೆಕ್ಕೆ. ನೆಗೆತವೂ ಅಪರೂಪ, ಉಸಿರಿಗೆಂದು ನಿಧಾನ ಎದ್ದು ಮುಳುಗುತ್ತದೆ. ಇಡೀ ಸರೋವರದಲ್ಲಿ ಇರುವುದು 150ರ ಆಸುಪಾಸು. ಒಂದು ಬೆನ್ನು ಕಂಡದ್ದೇ ತಡ, ಐದಾರು ಮೋಟಾರು ದೋಣಿಗಳು ಅತ್ತ ನುಗ್ಗಿದವು. ನಮ್ಮವರಿಗೆ ಇಂಜಿನ್ ಆರಿಸಿ ಅಂದೆ. ಜೊತೆಗಿದ್ದವರು ಗೊಣಗಿದರು, ದುಡ್ಡು ಕೊಟ್ಟು ಬಂದವರಿಗೆ ಕಾಯುವ ಪುರುಸೊತ್ತೆಲ್ಲಿ? ಹತ್ತು ನಿಮಿಷ ಏನೂ ಇಲ್ಲ. ಆಮೇಲೆ, ಎಲ್ಲ ದೋಣಿಗಳೂ ಆಚೆ ಹೋದ ಮೇಲೆ, ಬೆನ್ನ ಹಿಂದೆ 'ಫುಸ್' ಎಂಬ ಉಸಿರು ಕೇಳಿತು. ತಿರುಗುವಷ್ಟರಲ್ಲಿ ಬರೀ ಅಲೆಯ ಉಂಗುರ. ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಈ ನೀರು ಒಮ್ಮೆ ಕೈತಪ್ಪಿ ಹೋಗಿತ್ತು. ಹೊಳೆಗಳು ತಂದ ಹೂಳಿನಿಂದ ಕಡಲಿನ ಬಾಯಿ ಕಟ್ಟಿ, ಉಪ್ಪಿನಂಶ ಇಳಿದು, ಕಳೆ ಹಬ್ಬಿ, ಮೀನು ಕುಸಿದಿತ್ತು. 1981ರಲ್ಲೇ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು, ಎನಿಸಿಕೊಂಡ ಚಿಲಿಕಾ 1993ರಲ್ಲಿ ಅಪಾಯದಲ್ಲಿರುವ ಜೌಗುಗಳ ಮಾಂಟ್ರೂ ಪಟ್ಟಿಗೆ ಸೇರಿತು. 2000ದ ಸೆಪ್ಟೆಂಬರ್‌ನಲ್ಲಿ ಕಡಲಿಗೆ ಹೊಸ ಬಾಯಿ ತೋಡಿದರು. ಉಪ್ಪು ಬಂತು, ಮೀನು ಬಂತು, 2002ರಲ್ಲಿ ಹೆಸರು ಆ ಪಟ್ಟಿಯಿಂದ ಹೊರಬಂತು.

ಮಂಗಳಾಜೋಡಿಯ ಕಥೆಯೂ ಅದೇ ಕಾಲದ್ದು. ಹಕ್ಕಿ ಬೇಟೆಗೆ ಕುಖ್ಯಾತಿ ಪಡೆದಿದ್ದ ಊರಿನಲ್ಲಿ ಬೇಟೆಗಾರರೇ ಸೇರಿ ಕಾವಲು ಸಮಿತಿ ಕಟ್ಟಿದರು. ಬಲೆ ಎಲ್ಲಿ ಒಡ್ಡಬೇಕೆಂದು ಗೊತ್ತಿದ್ದವರಿಗೆ ದೋಣಿ ಎಲ್ಲಿ ನಿಲ್ಲಿಸಬೇಕೆಂದೂ ಗೊತ್ತಿರುತ್ತದೆ. ನನ್ನ ದೋಣಿಯವರ ಹಿನ್ನೆಲೆ ಏನೆಂದು ನಾನು ಕೇಳಲಿಲ್ಲ.

ಮೂರನೆಯ ಬೆಳಗು ಮತ್ತೆ ಅವರ ದೋಣಿಯನ್ನೇ ಕೇಳಿ ಹತ್ತಿದೆ. ಮಣ್ಣುಬಣ್ಣದ ಅಂಗಿ ಹಾಕಿದ್ದೆ, ಕ್ಯಾಮೆರಾ ಚೀಲದೊಳಗೇ ಇತ್ತು. 8x42 ಬೈನಾಕ್ಯುಲರ್ ಮಾತ್ರ ಕೊರಳಲ್ಲಿ. ಹಲಗೆಯ ಮೇಲೆ ಕೂರದೆ ದೋಣಿಯ ತಳದಲ್ಲೇ ಕೂತೆ. ಪ್ಯಾಂಟು ನೆನೆಯಿತು, ತಲೆ ಜೊಂಡಿಗಿಂತ ಮೇಲೆ ಕಾಣುತ್ತಿರಲಿಲ್ಲ. ಎಲ್ಲಿಗೆ ಹೋಗಬೇಕೆಂದು ನಾನು ಹೇಳಲಿಲ್ಲ. ಅವರು ಒಂದು ತಿರುವಿನಲ್ಲಿ ಗಳ ಊರಿ ನಿಂತುಬಿಟ್ಟರು. ಅರ್ಧ ಗಂಟೆಯಾಗಿರಬೇಕು, ಕೆಸರಲ್ಲಿ ಉದ್ದ ಕೊಕ್ಕು ಬುಡದವರೆಗೂ ಚುಚ್ಚುತ್ತ ಗಾಡ್‌ವಿಟ್‌ಗಳು ತಾವಾಗೇ ನಮ್ಮತ್ತ ಮೇಯುತ್ತ ಬಂದವು. ಕೊಕ್ಕಿನ ಬುಡದ ಗುಲಾಬಿ ಬಣ್ಣ ಬರಿಗಣ್ಣಿಗೆ ಕಾಣುವಷ್ಟು ಹತ್ತಿರ. ಅಷ್ಟರಲ್ಲಿ ಸೆಳೆವ ಎಂಬ ಬೇಟೆಹಕ್ಕಿಯೊಂದು ಜೊಂಡಿನ ಮೇಲೆ ತಗ್ಗಿ ಹಾರಿತು, ಸಾವಿರ ರೆಕ್ಕೆ ಒಟ್ಟಿಗೆ ಬಿಚ್ಚಿದವು. ಈ ಸಲದ ತಪ್ಪು ನಮ್ಮದಲ್ಲ ಎಂಬಂತೆ ಅವರು ನಕ್ಕರು.

ದಡಕ್ಕೆ ಬಂದಾಗ ಕಂಡ ಹಕ್ಕಿಗಳ ನನ್ನ ಪಟ್ಟಿ ಓದಿ ಹೇಳಿದೆ. ಕಾಮನ್ ಸ್ಯಾಂಡ್‌ಪೈಪರ್ ಅನ್ನುತ್ತಿದ್ದಂತೆ ಅವರು ಅಲ್ಲವೆಂದು ತಲೆಯಾಡಿಸಿ, ನನ್ನ ಪುಸ್ತಕ ಇಸಕೊಂಡು ಪುಟ ತಿರುವಿ ವುಡ್ ಸ್ಯಾಂಡ್‌ಪೈಪರ್‌ನ ಬೆನ್ನ ಚುಕ್ಕಿಗಳ ಮೇಲೆ ಬೆರಳಿಟ್ಟರು. ಹೌದು, ಚುಕ್ಕಿ ಇತ್ತು. ಹೊಡೆದುಹಾಕಿ ತಿದ್ದಿ ಬರೆದುಕೊಂಡೆ.