ಕೊಲಂಬೊದಲ್ಲಿ ಜಗಲಿ, ಬೆಂಟೋಟದಲ್ಲಿ ಕೋಣೆ

ಮೆಲ್ಬರ್ನ್‌ನಲ್ಲಿರುವ ಅಕ್ಕನ ಮನೆಗೆ ಹೋಗಲು ನಾನು ಹಿಡಿಯುವುದು ಕೊಲಂಬೊ ದಾರಿ. ಬೆಂಗಳೂರಿನಿಂದ ಅಲ್ಲಿಗೆ ಒಂದೂವರೆ ಗಂಟೆ, ಅಲ್ಲಿಂದ ಬೇರೆ ವಿಮಾನ. ಮೊದಲ ಸಲ ನಡುವಿನ ಹನ್ನೊಂದು ಗಂಟೆಯನ್ನು ಕಟುನಾಯಕೆ ವಿಮಾನ ನಿಲ್ದಾಣದ ಕುರ್ಚಿಯಲ್ಲೇ ಕಳೆದು ಬೆನ್ನು ಹಿಡಿಸಿಕೊಂಡೆ. ಆಮೇಲಿಂದ ಹೋಗುವಾಗ ಕೊಲಂಬೊದಲ್ಲಿ ಒಂದು ರಾತ್ರಿ, ಬರುವಾಗ ಕಡಲ ಬದಿಯಲ್ಲಿ ಮೂರು ರಾತ್ರಿ ಎಂದು ರೂಢಿಯಾಗಿದೆ. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಈ ನಾಲ್ಕು ರಾತ್ರಿಗೆ ಕರಗುವುದರಿಂದ ಹೋಟೆಲ್ ಆರಿಸುವ ವಿಷಯದಲ್ಲಿ ನನಗೆ ಸ್ವಲ್ಪ ಹಠ.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಒಮ್ಮೆ ಜೂನ್ ತಿಂಗಳಲ್ಲಿ, ಕೊಲಂಬೊದ ದಕ್ಷಿಣಕ್ಕಿರುವ ಬೆಂಟೋಟ ಕಡೆಯ ದುಬಾರಿ ಹೋಟೆಲೊಂದು ಹೆಚ್ಚುಕಡಿಮೆ ಅರ್ಧ ದರಕ್ಕೆ ಸಿಕ್ಕಿತು. ಹಿಂದೆಮುಂದೆ ನೋಡದೆ ಕಾದಿರಿಸಿದೆ. ಹೋಗಿ ನೋಡಿದರೆ ದಡದುದ್ದಕ್ಕೂ ಕೆಂಪು ಬಾವುಟ, ಕೆಸರು ಬಣ್ಣದ ಅಲೆ, ಕಿಟಕಿ ಗಾಜಿಗೆಲ್ಲ ಉಪ್ಪು. ಮೂರು ದಿನ ನೀರಿಗೆ ಕಾಲಿಡಲಿಲ್ಲ. ಉಡುಪಿಗೆ ಫೋನ್ ಮಾಡಿದಾಗ ಅಪ್ಪ ನಕ್ಕರು: "ಎಂತ ಮಾರಾಯ್ತಿ, ಮಲ್ಪೆಯಲ್ಲಿ ಬೋಟುಗಳೆಲ್ಲ ದಡ ಸೇರಿ ಆಯ್ತು. ನೀನು ಈಗ ಕಡಲಿಗೆ ಹೋದದ್ದಾ?" ಮಳೆಗಾಲದಲ್ಲಿ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಎಂದು ಹುಟ್ಟಿದಾಗಿನಿಂದ ನೋಡಿದವಳು ನಾನು. ಅದೇ ನೈರುತ್ಯ ಮುಂಗಾರು ಶ್ರೀಲಂಕಾದ ಪಡುವಣ ದಡಕ್ಕೂ ಬಡಿಯುತ್ತದೆ ಎಂದು ಹೊಳೆಯಲಿಲ್ಲ ನೋಡಿ! ಬೆಂಟೋಟ, ಗಾಲೆ ಕಡೆ ಸಮುದ್ರ ಸೌಮ್ಯವಾಗಿರುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಜೂನ್, ಜುಲೈಯಲ್ಲಿ ಹೋಗಬೇಕಾದವರು ಮೂಡಣ ದಡಕ್ಕೆ, ಅಂದರೆ ತ್ರಿಕೋಣಮಲೆಗೋ ಪಾಸಿಕುಡಾಗೋ ಹೋಗಬೇಕು. ಈಗ ನಾನು ಹೋಟೆಲಿನ ಹೆಸರಿಗೂ ಮೊದಲು ನೋಡುವುದು ಕ್ಯಾಲೆಂಡರ್.

ನಗರದ ಲೆಕ್ಕವೇ ಬೇರೆ. ಒಂದು ರಾತ್ರಿ ತಂಗುವವರು ಕೋಣೆಯಲ್ಲಿ ಕಣ್ಣು ಬಿಟ್ಟುಕೊಂಡಿರುವುದು ಹೆಚ್ಚೆಂದರೆ ಒಂದು ಗಂಟೆ. ದೀಪ ಆರಿಸಿದ ಮೇಲೆ ಸೂಟ್ ಆದರೇನು, ಸಾದಾ ಕೋಣೆ ಆದರೇನು? ಅದಕ್ಕೇ ನಗರದ ಅತಿ ಒಳ್ಳೆಯ ಕಟ್ಟಡ ಹುಡುಕಿ ಅದರಲ್ಲಿ ಅತಿ ಅಗ್ಗದ ಕೋಣೆ ಹಿಡಿಯುತ್ತೇನೆ. ಕೊಲಂಬೊದಲ್ಲಿ ನನ್ನ ಆಯ್ಕೆ ಗಾಲೆ ಫೇಸ್ ಹೋಟೆಲ್, 1864ರದ್ದು. ಅದರ ಜಗಲಿಯಲ್ಲಿ ಚಹಾ ಹಿಡಿದು ಕೂತರೆ ಹುಲ್ಲುಹಾಸಿನಾಚೆ ನೇರ ಕಡಲು. ಸಂಜೆ ಬ್ಯಾಗ್‌ಪೈಪ್ ಊದುತ್ತಾ ಬಾವುಟ ಇಳಿಸುತ್ತಾರೆ. ನನಗೆ ಅದು ತುಸು ನಾಟಕದಂತೆ ಕಂಡರೂ ಪ್ರತಿ ಸಲ ಎದ್ದು ನೋಡುತ್ತೇನೆ. ಮಲ್ಪೆಯಲ್ಲಿ ಪುಕ್ಕಟೆ ಸಿಗುವ ಸೂರ್ಯಾಸ್ತಕ್ಕೆ ಇಲ್ಲಿ ಡಾಲರ್ ಕೊಡುತ್ತೀಯಲ್ಲ ಎಂದು ಅಕ್ಕ ಕಾಲೆಳೆಯುತ್ತಾಳೆ. ಕೊಡುತ್ತೇನೆ, ಏನೀಗ? ಪಕ್ಕದ ಗಾಲೆ ಫೇಸ್ ಬಯಲಲ್ಲಿ ಗಾಳಿಪಟ ಹಾರಿಸುವ ಮಕ್ಕಳು, ಸಿಗಡಿ ಹಚ್ಚಿ ಕರಿದ ಇಸ್ಸೊ ವಡೆಯ ಗಾಡಿಗಳು. ರಾತ್ರಿಯೂಟ ನಾನು ಅಲ್ಲೇ ಮುಗಿಸುತ್ತೇನೆ. ಕಾಲ್ನಡಿಗೆಯಲ್ಲಿ ಊರು ಸಿಗದ ಹೋಟೆಲ್ ಎಷ್ಟೇ ಥಳಥಳ ಎಂದರೂ ಒಂದು ರಾತ್ರಿಗೆ ನನಗೆ ಬೇಡ.

ಆದರೆ ಸಮಯ ಲೆಕ್ಕ ಹಾಕಿಯೇ ಈ ಮೋಹಕ್ಕೆ ಬೀಳಬೇಕು. ವಿಮಾನ ನಿಲ್ದಾಣ ಕೊಲಂಬೊದಿಂದ ಉತ್ತರಕ್ಕೆ ಮೂವತ್ತು ಕಿಲೋಮೀಟರಿಗೂ ದೂರ. ಹತ್ತು ಗಂಟೆಗಿಂತ ಕಡಿಮೆ ಬಿಡುವಿದ್ದರೆ ನಿಲ್ದಾಣಕ್ಕೆ ಹತ್ತಿರದ ನೆಗೊಂಬೊದಲ್ಲೇ ಉಳಿಯುತ್ತೇನೆ. ಇನ್ನೊಂದು, ತಾರೀಖು. ರಾತ್ರಿ ಒಂದು ಗಂಟೆಗೆ ಇಳಿಯುವವರು ಹಿಂದಿನ ದಿನದ ತಾರೀಖಿಗೆ ಕೋಣೆ ಹಿಡಿಯಬೇಕು. ಒಮ್ಮೆ ಇದನ್ನು ಮರೆತು ಬೆಳಗಿನವರೆಗೆ ಲಾಬಿಯ ಸೋಫಾದಲ್ಲಿ ತೂಕಡಿಸಿದ್ದೇನೆ.

ದರದ ಪಕ್ಕದಲ್ಲಿ ಎರಡು ಕೂಡಿಸುವ ಚಿಹ್ನೆ (++) ಕಂಡರೆ ಎಚ್ಚರ, ಸೇವಾ ಶುಲ್ಕವೂ ತೆರಿಗೆಯೂ ಬೇರೆ ಎಂದರ್ಥ. ಶ್ರೀಲಂಕಾದಲ್ಲಿ ಶೇ. 10 ಸೇವಾ ಶುಲ್ಕ, ಅದರ ಮೇಲೆ 2024ರಿಂದ ಶೇ. 18 ವ್ಯಾಟ್. 100 ಡಾಲರ್ ಅಂದುಕೊಂಡದ್ದು ಕೊನೆಗೆ 130ರ ಹತ್ತಿರ ಬಂದು ನಿಲ್ಲುತ್ತದೆ.

ಕಡಲ ಬದಿಗೆ ಬಂದರೆ ನನ್ನ ಸೂತ್ರ ತಲೆಕೆಳಗು. ಅಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರ ತನಕ ಮರಳ ಮೇಲೆ ಕಾಲಿಡಲಾಗದು. ಆ ಸುಡು ಹೊತ್ತೆಲ್ಲ ಕೋಣೆಯಲ್ಲೇ. ಹಾಗಾಗಿ ಹೆಸರುವಾಸಿ ಹೋಟೆಲಿನ ಹಿಂಬದಿ ಕೋಣೆಗಿಂತ ಅಷ್ಟೇನೂ ಹೆಸರಿಲ್ಲದ ಹೋಟೆಲಿನ ಅತ್ಯುತ್ತಮ ಕೋಣೆ ಲೇಸು. 'ಸೀ ವ್ಯೂ' ಎಂಬ ಮಾತನ್ನು ನಂಬುವುದಿಲ್ಲ, ಬಾಲ್ಕನಿಯಿಂದ ಕತ್ತು ಹೊರಳಿಸಿದರೆ ಒಂದು ಗೇಣು ನೀಲಿ ಕಂಡರೂ ಅವರ ಲೆಕ್ಕದಲ್ಲಿ ಅದು ಸೀ ವ್ಯೂ. ಫೋನ್ ಮಾಡಿ ಕೇಳುತ್ತೇನೆ: ಹಾಸಿಗೆಯಲ್ಲಿ ಮಲಗಿ ನೋಡಿದರೆ ನೀರು ಕಾಣುತ್ತದಾ? ಆ ವಾರ ಹುಲ್ಲುಹಾಸಿನ ಮೇಲೆ ಯಾರದಾದರೂ ಮದುವೆ ಇದೆಯಾ? ಪಕ್ಕದ ಜಾಗದಲ್ಲಿ ಕಟ್ಟಡ ಏಳುತ್ತಿದೆಯಾ? ಉತ್ತರ ಹೇಳುವವರ ತಡವರಿಕೆಯಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಈ ದಡದಲ್ಲಿ ನನ್ನನ್ನು ಕೆಡಿಸಿದವರು ವಾಸ್ತುಶಿಲ್ಪಿ ಜೆಫ್ರಿ ಬಾವಾ. 1919ರಲ್ಲಿ ಹುಟ್ಟಿದ ಅವರು 2003ರಲ್ಲಿ ತೀರಿಕೊಂಡರು. ಬೆಂಟೋಟ ಬೀಚ್ ಹೋಟೆಲ್ ಕಟ್ಟಿದ್ದು 1969ರಲ್ಲಿ. ಸ್ವಾಗತ ಹಜಾರದ ಚಾವಣಿಗೆ ಕಲಾವಿದೆ ಎನಾ ಡಿ ಸಿಲ್ವ ಅವರ ಬಾಟಿಕ್ ಬಟ್ಟೆ, ಅಂಗಳದ ನಡುವೆ ಕೊಳ. ನಮ್ಮ ತೊಟ್ಟಿಮನೆಯ ಅಂಗಳದಲ್ಲಿ ನಿಂತ ಹಾಗೆ ಆಗಿ ಸಾಮಾನು ಇಳಿಸುವುದನ್ನೇ ಮರೆತಿದ್ದೆ. ಗಾಲೆಯ ಜೆಟ್‌ವಿಂಗ್ ಲೈಟ್‌ಹೌಸ್ ಕೂಡ ಅವರದೇ. ಅಲ್ಲಿ ಸುತ್ತಿ ಏರುವ ಮೆಟ್ಟಿಲಿನ ಉದ್ದಕ್ಕೂ ಪೋರ್ಚುಗೀಸರೂ ಸಿಂಹಳೀಯರೂ ಕಾದಾಡುವ ಲೋಹದ ಆಕೃತಿಗಳಿವೆ, ಕಲಾವಿದ ಲಕಿ ಸೇನಾನಾಯಕೆ ಮಾಡಿದ್ದು. ಕಟ್ಟಡಕ್ಕಾಗಿ ಹೋಗುವುದಾದರೆ ಖಂಡಿತ ಅಲ್ಲಿಗೆ ಹೋಗಿ. ಈಜಲು ಅಲ್ಲ, ಹೋಟೆಲಿನ ಮುಂದೆ ಅಲೆ ಬಂದು ಒಡೆಯುವುದು ಬಂಡೆಗೆ. ಬೆಂಟೋಟಕ್ಕೂ ಗಾಲೆಗೂ ಕೊಲಂಬೊ ಫೋರ್ಟ್ ನಿಲ್ದಾಣದಿಂದ ರೈಲಿದೆ, ಎಷ್ಟೋ ದೂರ ಸಮುದ್ರಕ್ಕೆ ಅಂಟಿಕೊಂಡೇ ಓಡುತ್ತದೆ. ಬಲಗಡೆ ಕಿಟಕಿ ಹಿಡಿಯಿರಿ.

ಬೆಳಗಿನ ತಿಂಡಿಯನ್ನೂ ನೋಡುತ್ತೇನೆ. ಎದುರಿಗೇ ಆಪ್ಪ ಹುಯ್ದು ಕೊಡುವ ಒಲೆ, ಬಿಸಿ ಇಡಿಆಪ್ಪ (ನಮ್ಮ ಒತ್ತು ಶ್ಯಾವಿಗೆಯೇ), ತೆಂಗಿನಕಾಯಿಯ ಪೊಲ್ ಸಂಬೋಲ ಇದ್ದರೆ ಆ ಅಡುಗೆಮನೆ ಊರಿನವರ ಕೈಯಲ್ಲಿದೆ ಎಂದರ್ಥ.

ಕಳೆದ ಸಲ ಜುಲೈಯಲ್ಲೇ ಹೋಗಬೇಕಾಗಿ ಬಂತು. ಈ ಬಾರಿ ಕೊಲಂಬೊದಿಂದ ಆರೇಳು ಗಂಟೆ ಕಾರಿನಲ್ಲಿ ಕೂತು ಪಾಸಿಕುಡಾ ಸೇರಿದೆವು, ಅಪ್ಪನೂ ಜೊತೆಗಿದ್ದರು. ಕೋಣೆಯಿಂದ ಇಪ್ಪತ್ತು ಹೆಜ್ಜೆಗೆ ನೀರು, ಅಲೆಯೇ ಇಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ ನಡೆಯುತ್ತಾ ಹೋದರು, ಹೋದರು, ಆದರೂ ನೀರು ಮೊಣಕಾಲು ದಾಟಲಿಲ್ಲ. ಅಲ್ಲಿಂದಲೇ ತಿರುಗಿ ಕೂಗಿದರು: "ಇದು ಕಡಲಲ್ಲ ಮಾರಾಯ್ತಿ, ಕೆರೆ! ಇದಕ್ಕೆ ಇಷ್ಟು ದುಡ್ಡಾ?"