ಟ್ಯಾಬಲ್ಲಿ ಮನಸ್ಸಿನ ಪ್ರಶ್ನೆ: ಹಾಸನದ ಕ್ಲಿನಿಕ್‌ನಲ್ಲಿ ನನ್ನ ಅನುಭವ

ನಾನು ಹಾಸನದಲ್ಲಿ ಮಾಜಿ ಸೈನಿಕರು ಬರೋ ಒಂದು ಕ್ಲಿನಿಕ್‌ನಲ್ಲಿ ನರ್ಸು. ಬರೋರಲ್ಲಿ ಮುಕ್ಕಾಲು ಪಾಲು ಬಿಪಿ, ಶುಗರ್ ಮಾತ್ರೆಗೆ ಬರೋರು, ಸಕಲೇಶಪುರ, ಆಲೂರು, ಅರಕಲಗೂಡು ಕಡೆಯಿಂದ ಬೆಳಗ್ಗೆ ಬಸ್ಸಿಗೆ ಬಂದು ಮಧ್ಯಾಹ್ನದೊಳಗೆ ವಾಪಸ್ ಹೋಗೋ ಆತುರ. ನಿದ್ದೆ ಹೆಂಗಿದೆ ಸರ್ ಅಂದ್ರೆ 'ಫಸ್ಟ್ ಕ್ಲಾಸ್ ಸಿಸ್ಟರ್' ಅಂತಾರೆ, ಪಕ್ಕದಲ್ಲಿರೋ ಹೆಂಡ್ತಿ ಮುಖ ಬೇರೆನೇ ಹೇಳ್ತಿರುತ್ತೆ.

ಮೊದಲು ಪೇಪರಲ್ಲಿ ಪಿಎಚ್‌ಕ್ಯೂ-9 ಕೊಡ್ತಿದ್ವಿ, ಮನಸ್ಸಿನ ಖಿನ್ನತೆ ಎಷ್ಟಿದೆ ಅಂತ ನೋಡೋ ಫಾರ್ಮು ಅದು. ಒಂಬತ್ತು ಪ್ರಶ್ನೆ, ಹಿಂದಿನ ಎರಡು ವಾರದ್ದು, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಆ ಓಪಿಡಿ ರಶ್ಶಲ್ಲಿ ಕೂಡಿ ನೋಡೋಕೆ ಯಾರಿಗೆ ಟೈಮು, ಫಾರ್ಮು ಫೈಲೊಳಗೆ ಮಲ್ಕೊಂಡಿರ್ತಿತ್ತು. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇದನ್ನೇ ಟ್ಯಾಬಲ್ಲಿ ಮಾಡಿಸಿ ಸ್ಕೋರು ನೇರ ಡಾಕ್ಟ್ರಿಗೆ ಹೋಗೋ ತರ ಮಾಡಿದಾರೆ ಅಂತ ನಮ್ ಡಾಕ್ಟ್ರು ಓದ್ಕೊಂಡು ಬಂದ್ರು, ಸರಿ ನಾವೂ ಎರಡು ಟ್ಯಾಬ್ ತರಿಸಿದ್ವಿ.

ಟ್ಯಾಬ್ ಮುಟ್ಟೋಕೆ ಹೆದರ್ತಾರೆ ಅಂದ್ಕೊಂಡಿದ್ದೆ, ವಾಟ್ಸಾಪಲ್ಲಿ ಪಳಗಿದ ಕೈ ರೀ ಅವು, ಹೆದರಿಕೆ ಏನಿಲ್ಲ. ಹೆದರಿಕೆ ಇದ್ದಿದ್ದು 'ಇದ್ ಬರ್ಕೊಂಡ್ರೆ ಪೆನ್ಷನ್‌ಗೆ ಏನಾದ್ರೂ ಆಗುತ್ತಾ' ಅನ್ನೋದು, ಅದನ್ನ ಒಬ್ಬೊಬ್ಬರಿಗೂ ಬಿಡಿಸಿ ಹೇಳ್ಬೇಕಾಯ್ತು. ಆಮೇಲೆ ಮನೆಯವ್ರು ಬಗ್ಗಿ ನೋಡಿ 'ರೀ, ಅದಕ್ಕೆ ಇಲ್ಲ ಅಂತ ಒತ್ರೀ' ಅನ್ನೋರು! ಅದಕ್ಕೇ ಬಿಪಿ ನೋಡೋ ರೂಮಲ್ಲಿ ಗೋಡೆಗೆ ಬೆನ್ನು ಕೊಟ್ಟು ಒಂದು ಕುರ್ಚಿ ಹಾಕ್ಸಿ ಮನೆಯವ್ರನ್ನ ಹೊರಗೆ ಕೂರಿಸ್ದೆ. ಇನ್ನೊಂದು ನಾನು ಅಂದ್ಕೊಂಡಿರ್ಲಿಲ್ಲ, ಕನ್ನಡದ್ದು ಕೊಟ್ರೆ ಒಂದಿಬ್ರು ನಮ್ಮ ಕಡೆಯೋರೇ ಹಿಂದೀಲಿ ಕೊಡಿ ಅಂದ್ರು, ಇಪ್ಪತ್ತು ವರ್ಷ ರೆಜಿಮೆಂಟಲ್ಲಿ ಕಳೆದೋರಿಗೆ ಕೆಲವು ಮಾತು ಹಿಂದೀಲೇ ಬರೋದು.

ನಾವು ಎಡವಿದ್ದು ಒಂಬತ್ತನೇ ಪ್ರಶ್ನೇಲಿ. ಸತ್ತೋದ್ರೆ ವಾಸಿ ಅನ್ಸಿತ್ತಾ ಅನ್ನೋ ತರದ್ದು ಅದು. ಶುರುವಲ್ಲಿ ಸ್ಕೋರೆಲ್ಲ ಸಂಜೆ ಓಪಿಡಿ ಮುಗಿದ ಮೇಲೆ ನೋಡ್ತಿದ್ದೆ, 10 ದಾಟಿದೋರನ್ನ ಕರೆಸ್ತಿದ್ವಿ. ಒಂದಿನ ಒಬ್ರದ್ದು ಒಟ್ಟು ಬರೀ 8, ದಾಟಿಸಿ ಮುಂದೆ ಹೋಗೋಳಿದ್ದೆ, ಕಣ್ಣು ಬಿತ್ತು, ಒಂಬತ್ತನೇದಕ್ಕೆ 2 ಒತ್ತಿದಾರೆ, ಅಂದ್ರೆ ಅರ್ಧಕ್ಕಿಂತ ಜಾಸ್ತಿ ದಿನ. ಅಷ್ಟೊತ್ತಿಗೆ ಅವ್ರು ಊರು ಸೇರಿ ಆಗಿತ್ತು. ಫೋನ್ ಎತ್ತಿದ್ದು ಹೆಂಡ್ತಿ. ಏನಂತ ಹೇಳ್ಲಿ ಅವ್ರಿಗೆ? 'ಯಜಮಾನ್ರಿಗೆ ಒಸಿ ಕೊಡಿ ಅಮ್ಮ, ಮಾತ್ರೆ ವಿಷ್ಯ' ಅಂದೆ. ಡಾಕ್ಟ್ರು ಆಗ್ಲೇ ಅವ್ರ ಹತ್ರ ತುಂಬಾ ಹೊತ್ತು ಮಾತಾಡಿದ್ರು, ಮಾರನೇ ದಿನ ಮೊದಲ ಬಸ್ಸಿಗೇ ಬಂದ್ರು ಅವ್ರು. ನನಗಂತೂ ಆ ರಾತ್ರಿ ಕಣ್ಣು ಮುಚ್ಚಿಲ್ಲ.

ಸಾಫ್ಟ್‌ವೇರ್ ಹುಡುಗನ್ನ ಕೂರಿಸ್ಕೊಂಡು ಬದಲಾಯಿಸಿದ್ವಿ. ಒಟ್ಟು ಎಷ್ಟೇ ಇರ್ಲಿ, ಒಂಬತ್ತನೇದಕ್ಕೆ 0 ಬಿಟ್ಟು ಏನೇ ಒತ್ತಿದ್ರೂ ಡಾಕ್ಟ್ರ ಸ್ಕ್ರೀನಲ್ಲಿ ಕೆಂಪಗೆ ಬರುತ್ತೆ, ನನ್ನ ಫೋನೂ ಹೊಡ್ಕೊಳುತ್ತೆ, ಅವ್ರನ್ನ ಮಾತಾಡಿಸದೆ ಕಳಿಸೋ ಹಂಗಿಲ್ಲ. ಹೊರಡುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ನಂಬರನ್ನ ಅವ್ರ ಫೋನಲ್ಲಿ ನಾನೇ ಸೇವ್ ಮಾಡ್ಕೊಡ್ತೀನಿ. ಚೀಟೀಲಿ ಬರ್ದ್ ಕೊಟ್ರೆ ಬಸ್ ಸ್ಟ್ಯಾಂಡ್ ದಾಟಲ್ಲ ಅದು.

ಟ್ಯಾಬಲ್ಲಿ ಕುಡಿತದ್ದೂ ಮೂರು ಪ್ರಶ್ನೆ ಇದೆ, ಅದಕ್ಕೆ ಸುಳ್ಳೇ ಬರುತ್ತೆ, ಮಿಲಿಟರಿ ಕ್ಯಾಂಟೀನಲ್ಲಿ ಸಿಗೋ ಡ್ರಿಂಕ್ಸ್ ಕೋಟಾ ಏನಾಗುತ್ತೆ ಅಂತ ಕೇಳಿದ್ರೆ 'ನೆಂಟ್ರಿಗೆ ಸಿಸ್ಟರ್'.

ಪಿಟಿಎಸ್‌ಡಿ, ಅಂದ್ರೆ ಭಯಾನಕ ಘಟನೆ ಆದ್ಮೇಲೆ ಮನಸ್ಸಲ್ಲಿ ಉಳ್ಕೊಳೋ ಆಘಾತ, ಅದರದ್ದು ಐದು ಪ್ರಶ್ನೆ. ಅದಕ್ಕೂ ಮೊದಲು ಜೀವಕ್ಕೆ ಕುತ್ತು ತರೋ ಅಂಥ ಭಯಾನಕ ಘಟನೆ ಏನಾದ್ರೂ ಆಗಿತ್ತಾ ಅಂತ ಕೇಳುತ್ತೆ, ಇಲ್ಲ ಒತ್ತಿದ್ರೆ ಅಲ್ಲಿಗೇ ಮುಗೀತು. ಸುಮಾರು ಜನ ಇಲ್ಲ ಅಂತಾನೇ ಒತ್ತೋರು. ಒಬ್ರು ಹವಾಲ್ದಾರ್, ಸಿಯಾಚಿನ್‌ನಲ್ಲಿ ಜೊತೆಗಿದ್ದೋರು ಹಿಮದಡಿ ಹೋಗಿದ್ದನ್ನ ಕಣ್ಣಾರೆ ನೋಡಿದೋರು, ಅವ್ರೂ ಇಲ್ಲ. ಯಾಕೆ ಸರ್ ಅಂದ್ರೆ 'ಅದು ಡ್ಯೂಟಿ ಅಲ್ವಾ ಸಿಸ್ಟರ್, ಘಟನೆ ಏನ್ ಬಂತು' ಅಂದ್ರು. ಈಗ ಆ ಒಂದು ಪ್ರಶ್ನೆ ಟ್ಯಾಬಿಗೆ ಬಿಡಲ್ಲ, ನಾನೇ ಪಕ್ಕ ಕೂತು ಎಲ್ಲೆಲ್ಲಿ ಪೋಸ್ಟಿಂಗ್ ಆಗಿತ್ತು ಸರ್ ಅಂತ ಶುರು ಮಾಡ್ತೀನಿ, ಉಳಿದ ಐದು ಅವ್ರೇ ಒತ್ಕೋತಾರೆ. ಇದ್ರಿಂದ ಕ್ಯೂ ಬೆಳೆಯುತ್ತೆ, ಬಸ್ ಹೋಗುತ್ತೆ ಸಿಸ್ಟರ್ ಅಂತ ಬಾಗ್ಲಲ್ಲಿ ಗಲಾಟೆ, ಅದಕ್ಕಿನ್ನೂ ದಾರಿ ಸಿಕ್ಕಿಲ್ಲ.